ರೂಟರ್ ಪದೇ ಪದೇ ಬಿದ್ದು ಏಳ್ತಿದೆಯಾ? ಮೆಮೊರಿ ಓವರ್‌ಫ್ಲೋ ದಾಳಿಯನ್ನು ಪತ್ತೆ ಹಚ್ಚುವ, ತಡೆಯುವ ಕೈಪಿಡಿ

ತಿಪಟೂರಿನ ಒಂದು ಕೊಬ್ಬರಿ ಮಂಡಿ. ಕ್ಯಾಷ್ ಟೇಬಲ್ ಹಿಂದಿನ ಗೋಡೆಯಲ್ಲಿ ಮೊಳೆಗೆ ನೇತು ಹಾಕಿದ ವೈ-ಫೈ ರೂಟರ್. ಬಿಲ್ ಹಾಕುವ ಹುಡುಗ ದಿನಕ್ಕೆ ಏಳೆಂಟು ಸಲ ಅದರ ಕಡೆ ತಿರುಗಿ ನೋಡುತ್ತಿದ್ದ. ದೀಪಗಳೆಲ್ಲ ಒಟ್ಟಿಗೆ ಆರುತ್ತಿದ್ದವು, ಎರಡು ನಿಮಿಷ ಬಿಟ್ಟು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. "ತಾನಾಗೇ ಸರಿ ಹೋಗ್ತದಲ್ಲ ಅಣ್ಣ, ಅದಕ್ಕೇ ಯಾರಿಗೂ ಹೇಳಿರಲಿಲ್ಲ" ಅಂದ. ಸರಿ ಹೋಗುತ್ತಿದ್ದದ್ದು ನಿಜ. ಆದರೆ ಮುಕ್ಕಾಲು ಗಂಟೆಗೆ ಮಾತ್ರ.

ಆ ರೂಟರ್‌ನಲ್ಲಿ ಸುಟ್ಟ ಭಾಗ ಒಂದೂ ಇರಲಿಲ್ಲ. ಹೊರಗಿನಿಂದ ಯಾರೋ ಅದರ ಸಾಫ್ಟ್‌ವೇರ್‌ನ ಒಂದು ತೂತನ್ನು, ಅಂದರೆ ಬರೆದವರು ಬಿಟ್ಟ ತಪ್ಪನ್ನು, ಕೆದಕುತ್ತಿದ್ದರು. ಪ್ರತಿ ಸಲ ಅವರ ಲೆಕ್ಕ ತಪ್ಪಿದಾಗ ರೂಟರ್ ಬಿದ್ದು ಏಳುತ್ತಿತ್ತು. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಗುರಿ ತಪ್ಪಿದ ದಾಳಿ ರೀಸ್ಟಾರ್ಟ್ ರೂಪದಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ. ಗುರಿ ಮುಟ್ಟಿದ ದಾಳಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಬೀಳುತ್ತಿರುವ ರೂಟರ್ ಅನ್ನು ಸುಮ್ನೆ ಆಫ್-ಆನ್ ಮಾಡಿ ಮರೆಯಬೇಡಿ. ಅದು ಕೊಡುತ್ತಿರುವ ಸುಳಿವು ತುಂಬಾ ಬೆಲೆಯುಳ್ಳದ್ದು.

ಮೆಮೊರಿ ತುಂಬುವುದು ಬೇರೆ, ಉಕ್ಕುವುದು ಬೇರೆ

ಇವೆರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಮೊಬೈಲ್‌ನಲ್ಲಿ ಜಾಗ ಖಾಲಿಯಾದ ಹಾಗೆ ರೂಟರ್ ಮೆಮೊರಿ ತುಂಬಿದರೆ ಅದು ನಿಧಾನವಾಗುತ್ತದೆ, ಕೊನೆಗೆ ನಿಂತುಹೋಗುತ್ತದೆ. ತೊಂದರೆ ಹೌದು, ಆದರೆ ಅದರಿಂದ ಹೊರಗಿನವರು ಒಳಗೆ ಬರುವುದಿಲ್ಲ. ಉಕ್ಕುವುದು, ಅಂದರೆ ಓವರ್‌ಫ್ಲೋ, ಬೇರೆಯೇ ವಿಷಯ.

ಸೊಸೈಟಿಯ ದೊಡ್ಡ ರಿಜಿಸ್ಟರ್ ನೆನಪು ಮಾಡಿಕೊಳ್ಳಿ. ಒಂದು ಕಾಲಂನಲ್ಲಿ ಹೆಸರು. ಪಕ್ಕದ ಕಾಲಂನಲ್ಲಿ 'ಇದು ಮುಗಿದ ಮೇಲೆ ಇಂಥ ಪುಟ ತೆಗೆ' ಅನ್ನುವ ಸೂಚನೆ. ಹೆಸರು ಹೇಳಲು ಬಂದವನು ನಿಲ್ಲಿಸದೆ ಹೇಳುತ್ತಲೇ ಹೋದ. ಬರೆಯುವ ಗುಮಾಸ್ತ ಗೆರೆ ನೋಡದೆ ಬರೆಯುತ್ತಲೇ ಹೋದ. ಪಕ್ಕದ ಕಾಲಂನ ಸೂಚನೆ ಅಳಿದು ಅದರ ಮೇಲೆ ಬಂದವನ ಮಾತು ಕೂತಿತು. ಅವನು ಅಕ್ಷರ ಲೆಕ್ಕ ಹಾಕಿ ಹೇಳಿದ್ದರೆ ಗುಮಾಸ್ತ ಅವನಿಗೆ ಬೇಕಾದ ಪುಟವನ್ನೇ ತೆಗೆಯುತ್ತಾನೆ. ಲೆಕ್ಕ ತಪ್ಪಿದ್ದರೆ ಇಲ್ಲದ ಪುಟ ಹುಡುಕುತ್ತಾ ಅಲ್ಲೇ ಕುಸಿಯುತ್ತಾನೆ. ಈ ಕುಸಿತವೇ ರೀಸ್ಟಾರ್ಟ್.

ಇದು ಬರೀ ಹೋಲಿಕೆಯಲ್ಲ. 2015ರ ಮೇ ತಿಂಗಳಲ್ಲಿ ನೆಟ್‌ಯುಎಸ್‌ಬಿ ಎಂಬ ಸಾಫ್ಟ್‌ವೇರ್‌ನಲ್ಲಿ ಹೀಗೇ ಒಂದು ತೂತು ಹೊರಬಿತ್ತು. ರೂಟರ್‌ಗೆ ಚುಚ್ಚಿದ ಪ್ರಿಂಟರ್, ಪೆನ್‌ಡ್ರೈವ್‌ಗಳನ್ನು ನೆಟ್‌ವರ್ಕ್ ಮೂಲಕ ಬಳಸಲು ಕೊಡುವ ಸಾಫ್ಟ್‌ವೇರ್ ಅದು. ತೈವಾನ್‌ನ ಕೆಕೋಡ್ಸ್ ಬರೆದದ್ದು, ಹಲವು ಕಂಪನಿಗಳ ರೂಟರ್‌ಗಳಲ್ಲಿ ಇತ್ತು. ಸಂಪರ್ಕಕ್ಕೆ ಬಂದ ಕಂಪ್ಯೂಟರ್ ತನ್ನ ಹೆಸರು ಹೇಳಬೇಕಿತ್ತು. ಹೆಸರು 64 ಅಕ್ಷರ ದಾಟಿದರೆ ಮೆಮೊರಿ ಉಕ್ಕುತ್ತಿತ್ತು. ಹೆಸರಿನ ಉದ್ದ ಅಳೆಯುವುದನ್ನು ಬರೆದವರು ಬಿಟ್ಟಿದ್ದರು, ಅಷ್ಟೇ. ಈ ಜಾತಿಯ ತಪ್ಪು ಹಳೆಯದು. 1988ರ ನವೆಂಬರ್‌ನಲ್ಲಿ ಇಂಟರ್ನೆಟ್‌ನಲ್ಲಿ ಹರಡಿದ ಮಾರಿಸ್ ವರ್ಮ್ ಬಳಸಿದ ದಾರಿಗಳಲ್ಲೂ ಇಂಥದ್ದೊಂದು ಇತ್ತು.

ಕೈ ಹಾಕುವ ಮುಂಚೆ

ನಿಮ್ಮದೇ ಸಾಧನ, ಇಲ್ಲವೇ ಮಾಲೀಕರು ಒಪ್ಪಿದ ಸಾಧನ ಮಾತ್ರ ಮುಟ್ಟಿ. ರೂಟರ್ ಹಿಂದಿನ ಚಿಕ್ಕ ತೂತಿನ ರೀಸೆಟ್ ಬಟನ್‌ಗೆ ಮೊದಲೇ ಪಿನ್ ಚುಚ್ಚಬೇಡಿ. ಇಂಟರ್ನೆಟ್ ಕಂಪನಿಯವರು ಹಾಕಿದ ಯೂಸರ್‌ನೇಮ್, ಪಾಸ್‌ವರ್ಡ್, ವಿಎಲ್‌ಎಎನ್ (ಒಂದೇ ಲೈನಿನೊಳಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುವ) ಸಂಖ್ಯೆ ಎಲ್ಲ ಅಳಿಸಿಹೋಗುತ್ತವೆ. ಶನಿವಾರ ಸಂಜೆ ಹೀಗೆ ಮಾಡಿಕೊಂಡು ಸೋಮವಾರದವರೆಗೆ ಇಂಟರ್ನೆಟ್ ಇಲ್ಲದೆ ಕೂತವರನ್ನು ನೋಡಿದ್ದೇನೆ. ಮೊದಲು ಸೆಟ್ಟಿಂಗ್ ಪುಟಗಳ ಫೋಟೋ ತೆಗೆಯಿರಿ. ರೂಟರ್ ಅಡಿಯ ಚೀಟಿಯ ಫೋಟೋವನ್ನೂ ತೆಗೆಯಿರಿ. ಮಾಡೆಲ್, ಹಾರ್ಡ್‌ವೇರ್ ವರ್ಷನ್, ಅಡಾಪ್ಟರ್ ವೋಲ್ಟೇಜ್ ಮೂರೂ ಅಲ್ಲೇ ಇರುತ್ತವೆ.

ಅಡಾಪ್ಟರ್‌ನ ಡಬ್ಬಿ ಬಿಚ್ಚಬೇಡಿ. ಗುಡುಗು ಮಿಂಚು ಇರುವಾಗ ಈ ಕೆಲಸವೇ ಬೇಡ.

ಲಕ್ಷಣ: ರೂಟರ್ ತಾನಾಗೇ ಆಫ್ ಆಗಿ ಆನ್ ಆಗುತ್ತಿದೆ

ದಾಳಿ ಅಂತ ಹೆದರುವ ಮುಂಚೆ ಅಗ್ಗದ ಕಾರಣಗಳನ್ನು ತೆಗೆದುಹಾಕಿ. ನನ್ನ ಅನುಭವದಲ್ಲಿ ಹೆಚ್ಚಿನ ರೀಸ್ಟಾರ್ಟ್‌ಗಳಿಗೆ ಕಾರಣ ಅಡಾಪ್ಟರ್. ಚೀಟಿಯಲ್ಲಿ 12 ವೋಲ್ಟ್, 1 ಆಂಪ್ ಅಂತ ಇದ್ದರೆ ಅಡಾಪ್ಟರ್ ಮೇಲೂ 12 ವೋಲ್ಟೇ ಇರಬೇಕು. ಆಂಪ್ ಅಷ್ಟೇ ಇರಬಹುದು, ಜಾಸ್ತಿ ಇದ್ದರೂ ಪರವಾಗಿಲ್ಲ. ವೋಲ್ಟೇಜ್ ಜಾಸ್ತಿ ಇರುವುದನ್ನು ಮಾತ್ರ ಚುಚ್ಚಬೇಡಿ, ರೂಟರ್ ಸುಡುತ್ತದೆ. ಪಿನ್ ಅಲ್ಲಾಡಿಸಿ ನೋಡಿ. ದೀಪ ಮಿಣುಕಿದರೆ ಕಾರಣ ಸಿಕ್ಕಿತು. ಮಂಡಿಯಲ್ಲೂ ನಾನು ಮೊದಲು ಬದಲಿಸಿದ್ದು ಅಡಾಪ್ಟರ್ ಅನ್ನೇ. ಏನೂ ಬದಲಾಗಲಿಲ್ಲ.

ಎರಡನೆಯದು ಬಿಸಿ. ಗಾಳಿಯ ಸೀಳುಗಳಲ್ಲಿ ಧೂಳು ಕೂತಿದೆಯಾ, ಸೆಟ್‌ಟಾಪ್ ಬಾಕ್ಸ್ ಮೇಲೆ ಇಟ್ಟಿದ್ದೀರಾ ನೋಡಿ. ಧೂಳು ಒರೆಸಿ, ಗಾಳಿ ಆಡುವ ಕಡೆ ಒಂದು ದಿನ ಇಟ್ಟು ನೋಡಿ.

ಮೂರನೆಯದಾಗಿ, ಬಿದ್ದದ್ದು ರೂಟರೋ ಲೈನೋ ಅಂತ ಗೊತ್ತು ಮಾಡಿಕೊಳ್ಳಿ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆದು ಸ್ಟೇಟಸ್ ಪುಟದಲ್ಲಿ 'ಅಪ್‌ಟೈಮ್' (ರೂಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ) ನೋಡಿ. ಈಗ ತಾನೇ ಇಂಟರ್ನೆಟ್ ಹೋಗಿ ಬಂತು, ಆದರೆ ಅಪ್‌ಟೈಮ್ 12 ದಿನ ಅನ್ನುತ್ತಿದೆ ಅಂದರೆ ರೂಟರ್ ಬಿದ್ದಿಲ್ಲ, ಲೈನ್ ಬಿದ್ದಿದೆ. ಕಂಪನಿಗೆ ಫೋನ್ ಮಾಡಿ, ಈ ಬರಹ ನಿಮಗೆ ಬೇಡ. ಅಪ್‌ಟೈಮ್ ಮೂರು ನಿಮಿಷ ಅನ್ನುತ್ತಿದ್ದರೆ ಮುಂದೆ ಓದಿ.

ಈಗ ಒಂದು ಚೀಟಿ, ಒಂದು ಪೆನ್. ಬಿದ್ದ ಹೊತ್ತನ್ನೆಲ್ಲ ಎರಡು ಮೂರು ದಿನ ಬರೆದಿಡಿ. ಹೆಚ್ಚುಕಮ್ಮಿ ಒಂದೇ ಅಂತರ ಇದ್ದು, ಬೀಳುವ ಮುಂಚೆ ರೂಟರ್ ನಿಧಾನವಾಗುತ್ತಾ ಬಂದರೆ ಅದು ಮೆಮೊರಿ ತುಂಬುವ ತೊಂದರೆ. ಯಾವುದೋ ಪ್ರೋಗ್ರಾಂ ಬಳಸಿದ ಜಾಗವನ್ನು ವಾಪಸ್ ಕೊಡುತ್ತಿಲ್ಲ. ಸ್ಟೇಟಸ್ ಪುಟದಲ್ಲಿ ಖಾಲಿ ಮೆಮೊರಿ ದಿನ ದಿನಕ್ಕೂ ಇಳಿಯುವುದು ಕಾಣುತ್ತದೆ. ಚೆನ್ನಾಗಿ ಓಡುತ್ತಿದ್ದದ್ದು ಹೇಳದೆ ಕೇಳದೆ ಬಿದ್ದು, ಹೊತ್ತುಗೊತ್ತು ಇಲ್ಲದೆ ಮತ್ತೆ ಬಿದ್ದರೆ ಅನುಮಾನ ಉಕ್ಕುವುದರ ಕಡೆ ತಿರುಗಬೇಕು.

ಮುಂದಿನ ಪರೀಕ್ಷೆ ನನಗೆ ತುಂಬಾ ಇಷ್ಟ, ಯಾಕೆಂದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಮಲಗುವ ಮುಂಚೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಅನ್ನು ಮಾತ್ರ ಕಿತ್ತುಬಿಡಿ. 'ವ್ಯಾನ್' ಅಂತ ಬರೆದಿರುವ, ಬೇರೆ ಬಣ್ಣದ ಪೋರ್ಟ್ ಅದು. ರೂಟರ್ ಆನ್ ಇರಲಿ, ಮನೆಯ ಫೋನ್‌ಗಳು ವೈ-ಫೈಗೆ ಸೇರಿಕೊಂಡೇ ಇರಲಿ. ಬೆಳಿಗ್ಗೆ ಅಪ್‌ಟೈಮ್ ನೋಡಿ. ಕೇಬಲ್ ಇಲ್ಲದಾಗಲೂ ಬಿದ್ದಿದ್ದರೆ ಕಾರಣ ಒಳಗೇ ಇದೆ. ಕರೆಂಟು, ಬಿಸಿ, ಕೆಟ್ಟ ಚಿಪ್, ಇಲ್ಲವೇ ನಿಮ್ಮದೇ ಯಾವುದೋ ಕಂಪ್ಯೂಟರ್. ಕೇಬಲ್ ಇಲ್ಲದಾಗ ನೆಟ್ಟಗೆ ನಿಂತಿದ್ದು, ಹಾಕಿದ ಮೇಲೆ ಬಿದ್ದರೆ ಹೊರಗಿನಿಂದ ಏನೋ ಬರುತ್ತಿರಬಹುದು. ಮಂಡಿಯಲ್ಲಿ ರಾತ್ರಿ ಎಂಟಕ್ಕೆ ಕಿತ್ತೆವು. ಬೆಳಿಗ್ಗೆ ಒಂಬತ್ತಕ್ಕೆ ಅಪ್‌ಟೈಮ್ ಹದಿಮೂರು ಗಂಟೆ ತೋರಿಸುತ್ತಿತ್ತು. ಕೇಬಲ್ ಹಾಕಿ ನಲವತ್ತು ನಿಮಿಷಕ್ಕೆ ದೀಪಗಳು ಆರಿದವು. ಸಾಹುಕಾರರು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಹತ್ತಿರ ಬಂದು ನಿಂತರು.

ಒಂದು ಅಪವಾದವಿದೆ. ಒಂದೇ ಸಲ ಸಾವಿರಾರು ಸಂಪರ್ಕ ತೆರೆಯುವ ಟೊರೆಂಟ್‌ನಂಥ ಪ್ರೋಗ್ರಾಂ ಕೂಡ ಕೇಬಲ್ ಹಾಕಿದಾಗ ಮಾತ್ರ ಅಗ್ಗದ ರೂಟರ್ ಅನ್ನು ಕೆಡವಬಲ್ಲದು. ಒಳಗಿನ ಕಂಪ್ಯೂಟರ್, ಸಿಸಿಟಿವಿ ಬಾಕ್ಸ್ ಎಲ್ಲ ಆಫ್ ಮಾಡಿ ಇನ್ನೊಂದು ರಾತ್ರಿ ಕೇಬಲ್ ಹಾಕಿಟ್ಟು ನೋಡಿದರೆ ಇದೂ ಖಚಿತವಾಗುತ್ತದೆ.

ಕೊನೆಗೆ ಲಾಗ್, ಅಂದರೆ ರೂಟರ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಪಟ್ಟಿ. ಅಗ್ಗದ ರೂಟರ್‌ಗಳಲ್ಲಿ ರೀಸ್ಟಾರ್ಟ್ ಆದ ಕೂಡಲೇ ಲಾಗ್ ಅಳಿಸಿಹೋಗುತ್ತದೆ. ಅದಕ್ಕೇ 'ರಿಮೋಟ್ ಲಾಗ್' ಅಥವಾ 'ಸಿಸ್‌ಲಾಗ್' ಅನ್ನುವ ಸೆಟ್ಟಿಂಗ್ ಇದ್ದರೆ ಲಾಗ್ ಲ್ಯಾಪ್‌ಟಾಪ್‌ಗೆ ಬರುವ ಹಾಗೆ ಮಾಡಿ. ಹುಡುಕಬೇಕಾದ ಮಾತುಗಳು ಕೆಲವೇ. 'ಸೆಗ್‌ಫಾಲ್ಟ್' ಅಥವಾ 'ಸಿಗ್ನಲ್ 11' ಅಂದರೆ ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈ ಹಾಕಿ ಬಿತ್ತು. 'ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್' ಅಂದರೆ ಇನ್ನೂ ಸ್ಪಷ್ಟ. ರಿಜಿಸ್ಟರ್‌ನ ಎರಡು ಕಾಲಂ ನಡುವೆ ಇಟ್ಟಿದ್ದ ಗುರುತು ಅಳಿಸಿದೆ, ಅದನ್ನು ಕಂಡ ಪ್ರೋಗ್ರಾಂ ತಾನೇ ನಿಂತುಬಿಟ್ಟಿದೆ. ಈ ಗುರುತಿಗೆ ಸ್ಟ್ಯಾಕ್ ಕ್ಯಾನರಿ ಅಂತ ಹೆಸರು. ನಿಮ್ಮ ರೂಟರ್‌ನಲ್ಲಿ ಅದು ಇದೆ ಅಂದರೆ ತಯಾರಿಸಿದವರು ಒಂದಿಷ್ಟು ಕಾಳಜಿ ತೋರಿಸಿದ್ದಾರೆ. ಒಂದು ಸಲ ಬಿದ್ದರೆ ಅದು ಬರೀ ಪ್ರೋಗ್ರಾಂ ತಪ್ಪಿರಬಹುದು. ಪ್ರತಿ ಸಲ ಬೀಳುವ ಮುಂಚೆ ಹೊರಗಿನ ಐಪಿ ವಿಳಾಸವೊಂದು ಬಂದು ತಟ್ಟಿದ್ದರೆ ಅದು ಕಾಕತಾಳೀಯ ಅಲ್ಲ. ಮಂಡಿಯ ಲಾಗ್‌ನಲ್ಲಿ ಕಂಡದ್ದು ಅದೇ. ಹೊರಗಿನ ವಿಳಾಸ, ಸೆಟ್ಟಿಂಗ್ ಪುಟ ಕೊಡುವ ವೆಬ್ ಪ್ರೋಗ್ರಾಂ, ಸಿಗ್ನಲ್ 11, ರೀಸ್ಟಾರ್ಟ್. ಮತ್ತೆ ಅದೇ ಸಾಲು.

ಹೊರಗಿನ ಬಾಗಿಲು ತೆರೆದಿದೆಯಾ?

ಫೋನ್‌ನಲ್ಲಿ ವೈ-ಫೈ ಆಫ್ ಮಾಡಿ ಮೊಬೈಲ್ ಡೇಟಾ ಆನ್ ಮಾಡಿ. ರೂಟರ್ ಸ್ಟೇಟಸ್ ಪುಟದಲ್ಲಿ ಕಾಣುವ ವ್ಯಾನ್ ಐಪಿ ವಿಳಾಸವನ್ನು ಫೋನ್ ಬ್ರೌಸರ್‌ನಲ್ಲಿ ಟೈಪ್ ಮಾಡಿ. ನಿಮ್ಮ ರೂಟರ್‌ನ ಲಾಗಿನ್ ಪುಟ ಬಂದರೆ ಇಡೀ ಜಗತ್ತಿಗೂ ಅದು ಕಾಣುತ್ತಿದೆ ಅಂತ ಅರ್ಥ. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಓವರ್‌ಫ್ಲೋ ತೂತಿಗೆ ಪಾಸ್‌ವರ್ಡ್ ಬೇಕಾಗದೇ ಇರಬಹುದು. ಪಾಸ್‌ವರ್ಡ್ ಕೇಳುವ ಮುಂಚೆಯೇ ರೂಟರ್ ಬಂದವರ ಮಾತು ಓದಿರುತ್ತದೆ ಅಲ್ವಾ? ಹೊರಗಿನಿಂದ ಸೆಟ್ಟಿಂಗ್ ಪುಟ ತೆರೆಯಲು ಬಿಡುವ 'ರಿಮೋಟ್ ಮ್ಯಾನೇಜ್‌ಮೆಂಟ್' ಅನ್ನು ತಕ್ಷಣ ಆಫ್ ಮಾಡಿ. ಒಳಗಿನ ಸಾಧನಗಳು ನಿಮ್ಮನ್ನು ಕೇಳದೆ ರೂಟರ್‌ನಲ್ಲಿ ದಾರಿ ತೆರೆಸಿಕೊಳ್ಳುವ 'ಯುಪಿಎನ್‌ಪಿ'ಯನ್ನೂ ಆಫ್ ಮಾಡಿ. 2013ರ ಜನವರಿಯಲ್ಲಿ ಯುಪಿಎನ್‌ಪಿಗೆ ಬಳಸುವ ಸಾಮಾನ್ಯ ಲೈಬ್ರರಿಯೊಂದರಲ್ಲಿ ಓವರ್‌ಫ್ಲೋ ತೂತುಗಳು ಹೊರಬಿದ್ದವು. ಹೊರಗಿನಿಂದ ಕಾಣಲೇಬಾರದ ಆ ಸೇವೆ ಕೋಟಿಗಟ್ಟಲೆ ವಿಳಾಸಗಳಲ್ಲಿ ಇಂಟರ್ನೆಟ್‌ಗೆ ತೆರೆದಿತ್ತು.

ವ್ಯಾನ್ ಐಪಿ 100.64 ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಕಂಪನಿಯ ದೊಡ್ಡ ನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಹೊರ ಜಗತ್ತು ನೇರವಾಗಿ ನಿಮ್ಮನ್ನು ಮುಟ್ಟುವುದು ಕಷ್ಟ. ಆದರೂ ಅದೇ ಕಂಪನಿಯ ಬೇರೆ ಗ್ರಾಹಕರ ಸೋಂಕಿತ ರೂಟರ್‌ಗಳು ಮುಟ್ಟಬಹುದು. ಹೊಸ ಥರದ ಐಪಿ ವಿಳಾಸವಾದ ಐಪಿವಿ6 ಇದ್ದರೆ ಈ ರಕ್ಷಣೆಯೂ ಇಲ್ಲ.

ಬಾಗಿಲು ಮುಚ್ಚಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. 2022ರಲ್ಲಿ ರಿಯಲ್‌ಟೆಕ್ ಚಿಪ್ ಇರುವ ಹಲವು ರೂಟರ್‌ಗಳಲ್ಲಿ, ಇಂಟರ್ನೆಟ್ ಫೋನ್ ಕರೆಗೆ ನೆರವಾಗುವ 'ಸಿಪ್ ಎಎಲ್‌ಜಿ' ಭಾಗದಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಸಿಕ್ಕಿತು. ಗೊತ್ತಾದ ತೂತುಗಳಿಗೆ ಕೊಡುವ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2022-27255. ರಿಮೋಟ್ ಮ್ಯಾನೇಜ್‌ಮೆಂಟ್ ಮುಚ್ಚಿದ್ದರೂ ಹೊರಗಿನಿಂದ ಬರುವ ಒಂದೇ ಒಂದು ಯುಡಿಪಿ ಪ್ಯಾಕೆಟ್ (ಡೇಟಾದ ಚಿಕ್ಕ ತುಣುಕು) ಸಾಕಿತ್ತು. ಇಂಥದ್ದಕ್ಕೆ ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ಮೂಲ ಸಾಫ್ಟ್‌ವೇರ್, ಬದಲಿಸುವುದೇ ಸರಿಯಾದ ಮದ್ದು.

ಲಕ್ಷಣ: ಇಂಟರ್ನೆಟ್ ಇದೆ, ಸೆಟ್ಟಿಂಗ್ ಪುಟ ಮಾತ್ರ ತೆರೆಯುತ್ತಿಲ್ಲ

ವಿಳಾಸ ಸರಿಯಾಗಿ ಟೈಪ್ ಮಾಡಿದ್ದೀರಾ, ಫೋನ್ ಅದೇ ವೈ-ಫೈನಲ್ಲಿದೆಯಾ ನೋಡಿ. ಬೇರೆ ಬ್ರೌಸರ್‌ನಲ್ಲಿ, ಕೇಬಲ್ ಹಾಕಿದ ಕಂಪ್ಯೂಟರ್‌ನಲ್ಲಿ ಪ್ರಯತ್ನಿಸಿ. ಆಗಲೂ ಬರದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ. ಬಂದು, ಸ್ವಲ್ಪ ಹೊತ್ತಿಗೆ ಮತ್ತೆ ಮಾಯವಾದರೆ ವೆಬ್ ಪ್ರೋಗ್ರಾಂ ಮಾತ್ರ ಬಿದ್ದಿದೆ, ರೂಟರ್‌ನ ಉಳಿದದ್ದೆಲ್ಲ ಓಡುತ್ತಿದೆ. ಒಂದು ಪ್ರೋಗ್ರಾಂ ಬಿದ್ದರೆ ಇಡೀ ಸಾಧನವನ್ನೇ ರೀಸ್ಟಾರ್ಟ್ ಮಾಡುವ ಕಾವಲು ಕೆಲವು ರೂಟರ್‌ಗಳಲ್ಲಿ ಇರುತ್ತದೆ, ಕೆಲವುದರಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ. ಕಾರಣ ಒಂದೇ ಇರಬಹುದು. ಹಾಗಾಗಿ ಮೇಲಿನ ರಾತ್ರಿ ಪರೀಕ್ಷೆಯನ್ನೇ ಇಲ್ಲೂ ಮಾಡಿ.

ರೀಸ್ಟಾರ್ಟ್ ಆದ ಮೇಲೂ ಪುಟ ಬರುವುದಿಲ್ಲ, ಅಥವಾ ನಿಮ್ಮ ಪಾಸ್‌ವರ್ಡ್ ಒಪ್ಪುತ್ತಿಲ್ಲ ಅಂದರೆ ಇನ್ನೂ ಗಂಭೀರ. ಒಳಗೆ ಬಂದವರು ನಿಮ್ಮನ್ನೇ ಹೊರಗಿಟ್ಟಿರಬಹುದು. ಅಂಥ ರೂಟರ್ ಮೂಲಕ ಬ್ಯಾಂಕ್ ಕೆಲಸ ಮಾಡಬೇಡಿ.

ಲಕ್ಷಣ: ಬ್ಯಾಂಕ್ ಪುಟ ಬೇರೆ ಥರ ಕಾಣುತ್ತಿದೆ, ಎಲ್ಲ ಫೋನ್‌ಗಳಲ್ಲೂ ವಿಚಿತ್ರ ಜಾಹೀರಾತು

ಒಂದೇ ಫೋನ್‌ನಲ್ಲಿ ಬಂದರೆ ತಪ್ಪು ಆ ಫೋನ್‌ನದು. ಮನೆಯ ಎಲ್ಲ ಫೋನ್‌ಗಳಲ್ಲಿ, ವೈ-ಫೈನಲ್ಲಿದ್ದಾಗ ಮಾತ್ರ ಬಂದರೆ ರೂಟರ್ ನೋಡಬೇಕು. ಡಿಎನ್‌ಎಸ್ (ಸೈಟ್ ಹೆಸರಿಗೆ ಸರಿಯಾದ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಸೆಟ್ಟಿಂಗ್ ತೆರೆಯಿರಿ. ಅಲ್ಲಿರುವ ವಿಳಾಸಗಳು ಇಂಟರ್ನೆಟ್ ಕಂಪನಿಯವು ಇರಬೇಕು, ಅಥವಾ ನೀವೇ ಹಾಕಿದ 8.8.8.8, 1.1.1.1 ಥರದವು ಇರಬೇಕು. ಗುರುತಿಲ್ಲದ ವಿಳಾಸ ಕಂಡರೆ ಮೊದಲು ಫೋಟೋ, ಆಮೇಲೆ ಬದಲಾವಣೆ. ಹಾಗೆಯೇ ಅಡ್ಮಿನ್ ಯೂಸರ್ ಪಟ್ಟಿ, ಪೋರ್ಟ್ ಫಾರ್ವರ್ಡಿಂಗ್, ವಿಪಿಎನ್ ಪುಟಗಳನ್ನೂ ತಿರುವಿ ಹಾಕಿ. ನೀವು ಬರೆಯದ ಸಾಲು ಒಂದಿದ್ದರೂ ರೂಟರ್ ನಿಮ್ಮ ಕೈಯಲ್ಲಿಲ್ಲ.

ಇಲ್ಲಿ ನಿಲ್ಲಿಸಿ. ಆ ವೈ-ಫೈನಲ್ಲಿ ಯಾವ ಪಾಸ್‌ವರ್ಡ್ ಕೂಡ ಟೈಪ್ ಮಾಡಬೇಡಿ. ಮೊಬೈಲ್ ಡೇಟಾದಿಂದ ಬ್ಯಾಂಕ್, ಇ-ಮೇಲ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಲಕ್ಷಣ: ಎಲ್ಲರೂ ಮಲಗಿದ್ದರೂ ಇಂಟರ್ನೆಟ್ ದೀಪ ಪಟಪಟ ಅನ್ನುತ್ತಿದೆ

ಫೋನ್‌ಗಳು ರಾತ್ರಿ ಅಪ್‌ಡೇಟ್, ಫೋಟೋ ಬ್ಯಾಕಪ್ ಮಾಡುತ್ತವೆ. ದೀಪ ಮಿನುಗುವುದೇ ತಪ್ಪಲ್ಲ. ಸ್ಟೇಟಸ್ ಪುಟದಲ್ಲಿ ಕಳಿಸಿದ ಡೇಟಾದ ಲೆಕ್ಕ ಬರೆದುಕೊಂಡು, ಎಲ್ಲ ಸಾಧನ ಆಫ್ ಮಾಡಿ, ರೂಟರ್ ಮಾತ್ರ ಆನ್ ಇಡಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಯಾರೂ ಇಲ್ಲದೆ ಜಾಸ್ತಿ ಡೇಟಾ ಹೊರಗೆ ಹೋಗಿದ್ದರೆ ರೂಟರ್ ತಾನೇ ಬೇರೆಯವರಿಗೆ ದುಡಿಯುತ್ತಿದೆ.

ರೀಸ್ಟಾರ್ಟ್ ಮಾಡಿದರೆ ಇದು ನಿಲ್ಲಬಹುದು. ಹಲವು ಮಾಲ್‌ವೇರ್‌ಗಳು (ಕೇಡು ಮಾಡುವ ಸಾಫ್ಟ್‌ವೇರ್‌ಗಳು) ಮೆಮೊರಿಯಲ್ಲಿ ಮಾತ್ರ ಇರುತ್ತವೆ, ಕರೆಂಟ್ ಹೋದರೆ ಅಳಿಯುತ್ತವೆ. ಆದರೆ ಬಂದ ತೂತು ಹಾಗೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತವೆ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಲ್ಲಿ ಪತ್ತೆಯಾದಾಗ ಅಮೆರಿಕದ ಎಫ್‌ಬಿಐ ಎಲ್ಲರಿಗೂ ರೂಟರ್ ರೀಸ್ಟಾರ್ಟ್ ಮಾಡಲು ಹೇಳಿತು. ಆದರೆ ಅದರ ಮೊದಲ ಭಾಗ ರೀಸ್ಟಾರ್ಟ್‌ಗೂ ಸಾಯುತ್ತಿರಲಿಲ್ಲ.

ಎಲ್ಲಕ್ಕೂ ಓವರ್‌ಫ್ಲೋನೇ ಕಾರಣ ಅಂತಲೂ ಹೇಳುವ ಹಾಗಿಲ್ಲ. 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳಿಗೆ ಮಾಲ್‌ವೇರ್ ಬಡಿದಾಗ ಅದು ಹೊಕ್ಕ ದಾರಿ ಬದಲಿಸದೇ ಬಿಟ್ಟ 'ಅಡ್ಮಿನ್' ಪಾಸ್‌ವರ್ಡ್. ಆ ಬಾಗಿಲನ್ನೂ ಇವತ್ತೇ ಮುಚ್ಚಿ.

ಲಕ್ಷಣ: ಯಾವ ಲಕ್ಷಣವೂ ಇಲ್ಲ

ಈ ಭಾಗವನ್ನು ದಯವಿಟ್ಟು ಬಿಡಬೇಡಿ. ಚೆನ್ನಾಗಿ ಓಡುತ್ತಿರುವ ರೂಟರ್‌ನ ಫರ್ಮ್‌ವೇರ್ ತಾರೀಕು ನೋಡಿ. ಆಮೇಲೆ ಕಂಪನಿಯ ಸಪೋರ್ಟ್ ಪುಟದಲ್ಲಿ ಅದೇ ಮಾಡೆಲ್, ಅದೇ ಹಾರ್ಡ್‌ವೇರ್ ವರ್ಷನ್ ಹುಡುಕಿ. ಹೊಸ ಫರ್ಮ್‌ವೇರ್ ಇದ್ದರೆ ಹಾಕಬೇಕು. 'ಎಂಡ್ ಆಫ್ ಲೈಫ್' ಅಂತ ಬರೆದಿದ್ದರೆ ಆ ರೂಟರ್ ಬದಲಿಸಬೇಕು.

ಇದು ಹೇಳುವಾಗ ನನಗೂ ಕಷ್ಟವಾಗುತ್ತದೆ. ಓಡುವ ಸಾಮಾನು ಎಸೆಯುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ. ಆದರೂ ನೋಡಿ, 2022ರ ಜೂನ್‌ನಲ್ಲಿ ಸಿಸ್ಕೋ ಕಂಪನಿಯ ಆರ್‌ವಿ110ಡಬ್ಲ್ಯು, ಆರ್‌ವಿ130, ಆರ್‌ವಿ130ಡಬ್ಲ್ಯು, ಆರ್‌ವಿ215ಡಬ್ಲ್ಯು ರೂಟರ್‌ಗಳಲ್ಲಿ ಗಂಭೀರ ತೂತು ಸಿಕ್ಕಿತು. ಹೊರಗಿನಿಂದ ಬಂದ ವೆಬ್ ಡೇಟಾವನ್ನು ಅವು ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. ಆಯಸ್ಸು ಮುಗಿದ ಮಾಡೆಲ್‌ಗಳು ಅಂತ ಕಂಪನಿ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಕೊಡಲಿಲ್ಲ. ಹೊಸದು ತಗೊಳ್ಳಿ ಅಂದಿತು. ಆ ತೂತು ಅವುಗಳಲ್ಲಿ ಯಾವತ್ತಿಗೂ ಹಾಗೇ ಇರುತ್ತದೆ.

ಅಂಗಡಿಯಿಂದ ಹೊಸದಾಗಿ ತಂದದ್ದಕ್ಕೂ ಇದೇ ಪರೀಕ್ಷೆ ಮಾಡಿ. 2014ರ ಡಿಸೆಂಬರ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿಯ ಸಂಶೋಧಕರು 'ಮಿಸ್‌ಫಾರ್ಚೂನ್ ಕುಕಿ' ಎಂಬ ತೂತಿನ ಬಗ್ಗೆ ಹೇಳಿದಾಗ, ಅದು ಕನಿಷ್ಠ 1.2 ಕೋಟಿ ಸಾಧನಗಳಲ್ಲಿ ಇತ್ತು. ವೆಬ್ ಕುಕಿಯ (ಬ್ರೌಸರ್ ಪುಟದ ಜತೆ ಕಳಿಸುವ ಚಿಕ್ಕ ಗುರುತಿನ ಸಾಲು) ಮೂಲಕ ರೂಟರ್‌ನ ಮೆಮೊರಿ ಕೆಡಿಸುವ ತೂತು ಅದು. ಆ ವೆಬ್ ಪ್ರೋಗ್ರಾಂ ಬರೆದ ಕಂಪನಿ 2005ರಲ್ಲೇ ಸರಿಪಡಿಸಿತ್ತು. ರೂಟರ್ ಮಾಡುವವರು ಹಳೆಯದನ್ನೇ ತುಂಬಿ ಮಾರುತ್ತಿದ್ದರು. ಪೆಟ್ಟಿಗೆ ಹೊಸದು, ಒಳಗಿನ ತೂತು ಒಂಬತ್ತು ವರ್ಷ ಹಳೆಯದು.

ಆಫೀಸಿನ ಸ್ವಿಚ್, ಫೈರ್‌ವಾಲ್ ನೋಡಿಕೊಳ್ಳುವವರಿಗೆ

ಇಲ್ಲಿ ಲಕ್ಷಣಗಳು ಇನ್ನೂ ಸೂಕ್ಷ್ಮ. 2022ರ ಡಿಸೆಂಬರ್‌ನಲ್ಲಿ ಫೋರ್ಟಿನೆಟ್ ಫೈರ್‌ವಾಲ್‌ನ ಎಸ್‌ಎಸ್‌ಎಲ್-ವಿಪಿಎನ್‌ನಲ್ಲಿ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಲು ಬಿಡುವ ಭಾಗ) ಹೀಪ್ ಅನ್ನುವ ಮೆಮೊರಿ ಜಾಗದ ಓವರ್‌ಫ್ಲೋ ಹೊರಬಿದ್ದಾಗ, ದಾಳಿಯ ಸುಳಿವು ಅಂತ ಕಂಪನಿ ತೋರಿಸಿದ್ದರಲ್ಲಿ ಒಂದು ಲಾಗ್ ಸಾಲೂ ಇತ್ತು. ಎಸ್‌ಎಸ್‌ಎಲ್-ವಿಪಿಎನ್ ಪ್ರೋಗ್ರಾಂ ಬಿದ್ದಿದೆ, ಸಿಗ್ನಲ್ 11. ಹೌದು, ಮಂಡಿಯ ರೂಟರ್‌ನಲ್ಲಿ ಕಂಡ ಅದೇ ಸಿಗ್ನಲ್ 11. 'ವಿಪಿಎನ್ ಒಮ್ಮೆ ಬಿತ್ತು, ತಾನೇ ಎದ್ದಿತು' ಅಂತ ಟಿಕೆಟ್ ಮುಚ್ಚುವ ಮುಂಚೆ ಆ ಸಾಲನ್ನು ಹುಡುಕಿ.

ಸಿಸ್ಕೋ ಸ್ವಿಚ್‌ಗಳಲ್ಲಿ ಟಿಸಿಪಿ 4786 ಪೋರ್ಟ್ ತೆರೆದಿದ್ದರೆ ಹೊಸ ಸ್ವಿಚ್‌ಗೆ ತಾನಾಗೇ ಸೆಟ್ಟಿಂಗ್ ತುಂಬುವ ಸ್ಮಾರ್ಟ್ ಇನ್‌ಸ್ಟಾಲ್ ಓಡುತ್ತಿದೆ. 2018ರ ಮಾರ್ಚ್‌ನಲ್ಲಿ ಅದರಲ್ಲಿ ಓವರ್‌ಫ್ಲೋ ತೂತು ಹೊರಬಿತ್ತು, ಸಿವಿಇ-2018-0171. ಬಳಸುತ್ತಿಲ್ಲ ಅಂದರೆ 'ನೋ ವಿಸ್ಟ್ಯಾಕ್' ಕೊಟ್ಟು ನಿಲ್ಲಿಸಿ. ಸ್ವಿಚ್, ಫೈರ್‌ವಾಲ್‌ಗಳ ಅಡ್ಮಿನ್ ಪುಟ ಸಾಮಾನ್ಯ ಸಿಬ್ಬಂದಿಯ ನೆಟ್‌ವರ್ಕ್‌ನಿಂದಲೂ ಕಾಣಬಾರದು. ಅದಕ್ಕೆ ಬೇರೆ ವಿಎಲ್‌ಎಎನ್ ಇರಲಿ, ಗೊತ್ತಿರುವ ಒಂದೆರಡು ಕಂಪ್ಯೂಟರ್‌ಗೆ ಮಾತ್ರ ಬಿಡಿ.

ಉಕ್ಕುವುದಕ್ಕೆ ಒಬ್ಬ ಸೋದರನಿದ್ದಾನೆ. ಗೆರೆ ದಾಟಿ ಬರೆಯುವ ಬದಲು ಗೆರೆ ದಾಟಿ ಓದುವುದು. 2014ರ ಹಾರ್ಟ್‌ಬ್ಲೀಡ್, 2023ರ ಸಿಟ್ರಿಕ್ಸ್ ಬ್ಲೀಡ್ ಈ ಜಾತಿ. ಏನೂ ಬೀಳುವುದಿಲ್ಲ, ಮೆಮೊರಿಯಲ್ಲಿದ್ದ ಗುಟ್ಟುಗಳು ಸೋರಿಹೋಗುತ್ತವೆ. ಅಂಥಲ್ಲಿ ಪ್ಯಾಚ್ ಹಾಕಿದರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ಲಾಗಿನ್ ಆಗಿರುವ ಎಲ್ಲ ಸೆಷನ್‌ಗಳನ್ನು ಕಡಿದು ಹಾಕಬೇಕು. ಇಲ್ಲದಿದ್ದರೆ ಕದ್ದ ಸೆಷನ್ ಹಿಡಿದವನು ಪ್ಯಾಚ್ ಆದ ಮೇಲೂ ಒಳಗೆ ಬರುತ್ತಾನೆ. ಫೋರ್ಟಿನೆಟ್ ಕೂಡ 2025ರ ಏಪ್ರಿಲ್‌ನಲ್ಲಿ ಇದೇ ಥರದ ಎಚ್ಚರಿಕೆ ಕೊಟ್ಟಿತು. ಹಳೆಯ ತೂತುಗಳಿಂದ ಬಂದವರು ಬಿಟ್ಟುಹೋದ ಒಂದು ಸಿಂಬಾಲಿಕ್ ಲಿಂಕ್ (ಬೇರೆ ಕಡೆಯ ಫೈಲ್‌ಗೆ ದಾರಿ ತೋರಿಸುವ ಗುರುತು) ಅಪ್‌ಡೇಟ್ ಆದ ಮೇಲೂ ಉಳಿದು, ಫೈಲ್ ಓದಲು ಅವರಿಗೆ ದಾರಿ ಕೊಡುತ್ತಿತ್ತು.

ಸಂಸ್ಥೆಯಲ್ಲಿ ಒಳನುಗ್ಗಿದ ಗುರುತು ಸಿಕ್ಕರೆ ಅಳಿಸುವ, ರೀಸೆಟ್ ಮಾಡುವ ಕೆಲಸ ಬೇಡ. ಸಾಧನವನ್ನು ನೆಟ್‌ವರ್ಕ್‌ನಿಂದ ಬೇರೆ ಮಾಡಿ, ಕರೆಂಟ್ ತೆಗೆಯದೆ, ಲಾಗ್ ಉಳಿಸಿಕೊಂಡು ಪರಿಣತರನ್ನು ಕರೆಯಿರಿ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು.

ಫರ್ಮ್‌ವೇರ್ ಹಾಕುವುದು

ಅರ್ಧದಲ್ಲಿ ಕರೆಂಟ್ ಹೋದರೆ ರೂಟರ್ ಇಟ್ಟಿಗೆಯ ಹಾಗೆ ಕೆಲಸಕ್ಕೆ ಬಾರದ್ದಾಗಬಹುದು. ಯುಪಿಎಸ್‌ನಲ್ಲಿ ಹಾಕಿಕೊಂಡೇ ಮಾಡಿ. ವೈ-ಫೈ ಮೂಲಕ ಬೇಡ, ಕೇಬಲ್ ಹಾಕಿ. ಒಂದೇ ಮಾಡೆಲ್‌ನ ಎರಡನೇ ವರ್ಷನ್, ಮೂರನೇ ವರ್ಷನ್‌ಗೆ ಫೈಲ್ ಬೇರೆ ಬೇರೆ. ಚೀಟಿಯ ಫೋಟೋ ನೋಡಿ ಅಕ್ಷರ ಅಕ್ಷರ ತಾಳೆ ಮಾಡಿ. ಫೈಲ್ ಅನ್ನು ತಯಾರಿಸಿದ ಕಂಪನಿಯ ಸೈಟ್‌ನಿಂದಲೇ ತೆಗೆದುಕೊಳ್ಳಿ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಖಂಡಿತ ಬೇಡ.

ಹಾಕಿದ ಮೇಲೆ, ಈಗ ಮಾತ್ರ, ಫ್ಯಾಕ್ಟರಿ ರೀಸೆಟ್ ಮಾಡಿ. ಸೆಟ್ಟಿಂಗ್‌ಗಳನ್ನು ಫೋಟೋ ನೋಡಿ ಕೈಯಾರೆ ತುಂಬಿ. ಹಳೆಯ ಬ್ಯಾಕಪ್ ಫೈಲ್ ವಾಪಸ್ ಹಾಕಿದರೆ ಬಂದವರು ಸೇರಿಸಿದ ಡಿಎನ್‌ಎಸ್, ಯೂಸರ್ ಎಲ್ಲ ಅದರ ಜತೆಗೇ ಬಂದುಬಿಡಬಹುದು. ಅಡ್ಮಿನ್ ಪಾಸ್‌ವರ್ಡ್, ವೈ-ಫೈ ಪಾಸ್‌ವರ್ಡ್ ಎರಡೂ ಹೊಸದಿರಲಿ. ಇಂಟರ್ನೆಟ್ ಕೇಬಲ್ ಚುಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಬಾಕ್ಸ್ ಇಂಟರ್ನೆಟ್ ಕಂಪನಿಯದೇ ಆಗಿದ್ದರೆ, ಮುಖ್ಯವಾಗಿ ಫೈಬರ್ ಬಂದು ಸೇರುವ ಓಎನ್‌ಟಿ ಆಗಿದ್ದರೆ, ನೀವು ಫರ್ಮ್‌ವೇರ್ ಹಾಕಬೇಡಿ. ದೂರು ಕೊಡಿ. 'ಇಂಟರ್ನೆಟ್ ಸ್ಲೋ' ಅಂದರೆ ರೀಸ್ಟಾರ್ಟ್ ಮಾಡಿ ಅಂತಾರೆ. ಅದರ ಬದಲು ಬಿದ್ದ ಹೊತ್ತಿನ ಚೀಟಿ, ರಾತ್ರಿ ಪರೀಕ್ಷೆಯ ಫಲ, ಲಾಗ್ ಸಾಲು ಮೂರನ್ನೂ ಹೇಳಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಇಲ್ಲವೇ ಬಾಕ್ಸ್ ಬದಲಿಸಿ ಅಂತ ಬರೆದು ಕೇಳಿ. ಹೊಸ ಫರ್ಮ್‌ವೇರ್ ಹಾಕಿ ರೀಸೆಟ್ ಮಾಡಿದ ಮೇಲೂ ಗುರುತಿಲ್ಲದ ಯೂಸರ್ ಮತ್ತೆ ಕಾಣಿಸಿಕೊಂಡರೆ ಆ ಸಾಧನದ ಮೇಲೆ ಇನ್ನು ಹೊತ್ತು ಕಳೆಯಬೇಡಿ, ಬದಲಿಸಿ.

ಮಂಡಿಯ ರೂಟರ್‌ಗೆ ಹೊಸ ಫರ್ಮ್‌ವೇರ್ ಇತ್ತು. ಒಳಗಿದ್ದದ್ದು ನಾಲ್ಕು ವರ್ಷ ಹಳೆಯದು. ಹಾಕಿ, ರೀಸೆಟ್ ಮಾಡಿ, ರಿಮೋಟ್ ಮ್ಯಾನೇಜ್‌ಮೆಂಟ್ ಮುಚ್ಚಿದೆವು. ಅದೇ ಹುಡುಗ ಮೂರು ವಾರ ಬಿಟ್ಟು ಫೋನ್ ಮಾಡಿ ಅಪ್‌ಟೈಮ್ ಓದಿ ಹೇಳಿದ. 21 ದಿನ, 4 ಗಂಟೆ. ರೂಟರ್ ಮೇಲೆ ಅವನು ಒಂದು ಚೀಟಿ ಅಂಟಿಸಿದ್ದಾನೆ. ಮಾಡೆಲ್, ಹಾರ್ಡ್‌ವೇರ್ ವರ್ಷನ್, ಫರ್ಮ್‌ವೇರ್ ತಾರೀಕು, ಮುಂದೆ ಯಾವ ತಿಂಗಳು ನೋಡಬೇಕು ಅನ್ನುವುದು. ಎಲ್ಲ ಕನ್ನಡದಲ್ಲಿ, ಬಿಲ್ ಪುಸ್ತಕದ ಹಿಂಬದಿ ಹರಿದು ಬರೆದದ್ದು.